ಜೋಗದ ಅಂಚಿನಿಂದ ಗೋಕರ್ಣದ ಭೂಶಿರಕ್ಕೆ

ಜೋಗಕ್ಕೆ ಜನ ಹೋಗುವುದು ನೀರು ನೋಡಲು. ನಾನು ಮತ್ತು ಭಾವ ಈ ಸಲ ಕಲ್ಲು ನೋಡಲು ಹೋಗಿದ್ದೆವು. ದೀಪಾವಳಿ ಮುಗಿದಿತ್ತು, ಮಳೆ ಬಿಟ್ಟಿತ್ತು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೊರಗಿದ್ದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿಯ ನೀರು ಜಾಸ್ತಿ ಪಾಲು ಕರೆಂಟಿಗೇ ಹೋಗುತ್ತದೆ. ಹಾಗಾಗಿ ಮಳೆಗಾಲ ಕಳೆದ ಮೇಲೆ ಇಲ್ಲಿ ಎದ್ದು ಕಾಣುವುದು 253 ಮೀಟರ್ ಎತ್ತರದ ಬಂಡೆ. ಅದರ ಮೈಯಲ್ಲಿ ನೆಟ್ಟಗೆ ಸೀಳುಗಳು. ಸೀಳು ಹಿಡಿದು ದೊಡ್ಡ ದೊಡ್ಡ ಕಲ್ಲು ಕಳಚಿಕೊಂಡ ಗುರುತುಗಳು. ಕೆಳಗೆ ಗುಂಡಿಯ ಸುತ್ತ ಬಿದ್ದಿರುವ ರಾಶಿ ಅದೇ ಕಲ್ಲಿನದು.

ಜಲಪಾತ ಇದ್ದಲ್ಲೇ ಇರುವುದಿಲ್ಲ. ನೀರು ಬುಡವನ್ನು ಕೊರೆಯುತ್ತದೆ, ಮೇಲಿನ ಬಂಡೆ ಆಸರೆ ತಪ್ಪಿ ಬೀಳುತ್ತದೆ, ಅಂಚು ಒಂಚೂರು ಹಿಂದೆ ಸರಿಯುತ್ತದೆ. ಅಂದರೆ ಜೋಗ ನಿಧಾನವಾಗಿ ನಮ್ಮೂರು ಸಾಗರದ ಕಡೆಗೇ ಬರುತ್ತಿದೆ! ಇಲ್ಲಿಂದ ಗೇರುಸೊಪ್ಪೆಯವರೆಗಿನ ಆಳವಾದ ಕಣಿವೆ ಶರಾವತಿ ಹೀಗೆ ಹಿಂದೆ ಸರಿಯುತ್ತಾ ಕೊರೆದ ದಾರಿ.

ನಮ್ಮ ಕಡೆಯ ಘಟ್ಟದ ರೀತಿಯೇ ಬೇರೆ. ಸಾಗರದಿಂದ ತಾಳಗುಪ್ಪ ದಾಟಿ ಬರುವಾಗ ಎಲ್ಲೂ ದೊಡ್ಡ ಬೆಟ್ಟ ಹತ್ತುವುದಿಲ್ಲ. ಗದ್ದೆ, ತೋಟ, ಸಣ್ಣ ಗುಡ್ಡ. ಆಮೇಲೆ ಇದ್ದಕ್ಕಿದ್ದಂತೆ ನೆಲವೇ ಮುಗಿಯುತ್ತದೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಕಿತ್ತುಕೊಂಡು ಹೋಯಿತು. ಮಲ್ಪೆಯ ಹತ್ತಿರ ಸೇಂಟ್ ಮೇರಿಸ್ ದ್ವೀಪದಲ್ಲಿ ಕಂಬ ಕಂಬವಾಗಿ ನಿಂತಿರುವ ಕಲ್ಲುಗಳು ಆ ಕಾಲದಲ್ಲಿ ಉಕ್ಕಿದ ಲಾವಾ. ಬಿರುಕು ಬಿಟ್ಟ ಕಡೆ ಹೊಸ ಕಡಲು, ಈ ಕಡೆ ಹೊಸ ಅಂಚು. ಆ ಅಂಚನ್ನು ಮಳೆ ಮತ್ತು ಹೊಳೆಗಳು ತಿನ್ನುತ್ತಾ ಒಳನಾಡಿಗೆ ತಳ್ಳುತ್ತಾ ಬಂದಿವೆ. ಮಲೆನಾಡಿನವರಾದ ನಾವು ಒಂದು ಕಾಲದ ಕಡಲಂಚು ಹಿಂದೆ ಸರಿದು ಬಂದಲ್ಲಿ ಬದುಕುತ್ತಿದ್ದೇವೆ ಅಲ್ವಾ? ಈಗಿನ ಕಡಲಂಚು ಹೇಗಿದೆ ಅಂತ ನೋಡಲೇಬೇಕು ಅನ್ನಿಸಿದ್ದು ಅದಕ್ಕೇ.

ಮಾವಿನಗುಂಡಿಯಿಂದ ತಿರುವು ತಿರುವಾಗಿ ಇಳಿದೆವು. ಗೇರುಸೊಪ್ಪೆಯಲ್ಲಿ ಚಹಾ. ಹೊನ್ನಾವರದ ಸೇತುವೆಯ ಹತ್ತಿರ ಬರುವಾಗ ಮಾತ್ರ ಭಾವ ಕಾರು ನಿಧಾನ ಮಾಡಿದರು. ಜೋಗದಲ್ಲಿ ಸಣ್ಣ ಎಳೆಯಾಗಿದ್ದ ಶರಾವತಿ ಇಲ್ಲಿ ಎಷ್ಟು ಅಗಲ! ಇಷ್ಟೂ ಹೊಳೆಯ ನೀರೇ ಅಲ್ಲ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಸಮುದ್ರದ ಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಹಿಮ ಕರಗಿ ಸಮುದ್ರ ಏರಿದಾಗ ತಗ್ಗಿನ ಕಣಿವೆಗಳಿಗೆ ಉಪ್ಪುನೀರು ನುಗ್ಗಿ ಇಂಥ ಅಳಿವೆಗಳಾದವು. ಕಣಿವೆಗಳ ನಡುವೆ ಘಟ್ಟದಿಂದ ಇಳಿದು ಬಂದ ಗುಡ್ಡದ ಸಾಲುಗಳು ಮುಳುಗದೆ ಉಳಿದವು. ಕಡಲಿಗೆ ಚಾಚಿಕೊಂಡ ಅವುಗಳ ತುದಿಯೇ ಭೂಶಿರ.

ಕುಮಟಾ ದಾಟಿದ ಮೇಲೆ ರಸ್ತೆಗಾಗಿ ಕಡಿದ ಗುಡ್ಡಗಳಲ್ಲಿ ನೆಲದ ಹೊಟ್ಟೆ ಕಾಣುತ್ತಿತ್ತು. ಮೇಲೆ ಕೆಂಪು ಜಂಬಿಟ್ಟಿಗೆ, ಅದರ ಕೆಳಗೆ ಬಿಳಿಚಿಕೊಂಡ ಶೇಡಿ ಮಣ್ಣು, ತಳದಲ್ಲಿ ಗಟ್ಟಿ ಬಂಡೆ. ಲಕ್ಷಾಂತರ ವರ್ಷ ಸುರಿದ ಮಳೆ ಕಲ್ಲಿನೊಳಗಿನ ಸಿಲಿಕಾವನ್ನು ತೊಳೆದುಕೊಂಡು ಹೋಗಿ ಕಬ್ಬಿಣ, ಅಲ್ಯುಮಿನಿಯಂ ಉಳಿಸಿದ್ದೇ ಜಂಬಿಟ್ಟಿಗೆ. ಮನೆ ಕಟ್ಟಿಸಿದ ಭಾವನಿಗೆ ಅದರ ಗುಣ ಚೆನ್ನಾಗಿ ಗೊತ್ತು. "ಕಡಿಯುವಾಗ ಮೆತ್ತಗಿರ್ತದೆ. ಗಾಳಿ, ಬಿಸಿಲು ತಾಗಿದ ಮೇಲೆ ನೋಡು, ಹಾರೆಗೂ ಬಗ್ಗಲ್ಲ." ಶೇಡಿ ಹಾಗಲ್ಲ. ನೀರು ಕುಡಿದರೆ ಜಾರುತ್ತದೆ. ಗುಡ್ಡದ ಬುಡ ಕಡಿದು, ಶೇಡಿಯನ್ನು ಮಳೆಗೆ ಬಿಟ್ಟರೆ ಮೇಲಿನ ಭಾರ ಹೊರುವವರು ಯಾರು? ನಾವು ಗೋಕರ್ಣಕ್ಕೆ ತಿರುಗುವ ಜಾಗದಿಂದ ಮುಂದೆ ಸಿಗುವುದೇ ಶಿರೂರು. 2024ರ ಜುಲೈ ಮಳೆಯಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತರು, ಲಾರಿ ಗಂಗಾವಳಿ ಹೊಳೆಯ ಪಾಲಾಯಿತು. ಕೆಳಗಿನ ಮಣ್ಣು ಯಾವುದು ಅಂತ ನೋಡದೆ ಯಾವ ಗುಡ್ಡಕ್ಕೂ ಜೆಸಿಬಿ ಹಚ್ಚಬಾರದು. ನಮ್ಮ ಮಲೆನಾಡಿನ ರಸ್ತೆಗಳಿಗೂ ಈ ಮಾತು ಸಲ್ಲುತ್ತದೆ.

ಗೋಕರ್ಣದಲ್ಲಿ ದೇವರ ದರ್ಶನ ಮಾಡಿ, ರಾಮತೀರ್ಥಕ್ಕೆ ಹೋದೆವು. ಕಡಲು ಪಕ್ಕದಲ್ಲೇ ಇದೆ, ಆದರೂ ಗುಡ್ಡದಿಂದ ಬರುವುದು ಸಿಹಿನೀರು. ತೂತು ತೂತಾದ ಜಂಬಿಟ್ಟಿಗೆ ಮಳೆನೀರನ್ನು ಕುಡಿದು ಇಟ್ಟುಕೊಳ್ಳುತ್ತದೆ. ಅಡಿಯ ಮಣ್ಣು ಕೆಳಗಿಳಿಯಲು ಬಿಡುವುದಿಲ್ಲ. ನೀರು ಪಕ್ಕದಿಂದ ಒಸರುತ್ತದೆ. ಮಲೆನಾಡಿನ ಎಷ್ಟೋ ಒರತೆಗಳ ಗುಟ್ಟೂ ಇದೇ.

ಅಲ್ಲಿಂದ ಕುಡ್ಲೆ, ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಮೇಲಿನ ಕಾಲುದಾರಿ. ಎರಡೂ ಬೀಚುಗಳ ನಡುವೆ ಕಡಲಿಗೆ ಚಾಚಿಕೊಂಡ ಭೂಶಿರವೇ ಆ ಗುಡ್ಡ. ಮೇಲೆ ನಡೆದಷ್ಟೂ ಕೆಂಪು ಕಲ್ಲು, ಒಣಗಿದ ಕರಡದ ಹುಲ್ಲು. ಕೆಳಗಿಳಿದರೆ ಕಪ್ಪು ಬಂಡೆ. ಓಂ ಬೀಚಿನ ಎರಡು ಬಾಗುಗಳು ಸೇರುವಲ್ಲಿ ನೀರಿಗಿಳಿದ ಬಂಡೆಗಳ ಮೇಲೆ ತುಂಬಾ ಹೊತ್ತು ಕೂತೆವು. ಕಪ್ಪು ಅನ್ನುವುದು ದೂರಕ್ಕೆ ಮಾತ್ರ. ಹತ್ತಿರ ಹೋದರೆ ಬೂದು, ಬಿಳಿ ಪಟ್ಟೆಗಳು ಸೀರೆಯ ನೆರಿಗೆಯಂತೆ ಮಡಚಿಕೊಂಡಿವೆ. ಒಂದು ಕಡೆ ಬೆರಳಗಲದ ಬೆಣಚುಕಲ್ಲಿನ ಎಳೆ ಬಂಡೆಯನ್ನು ಅಡ್ಡಡ್ಡ ಸೀಳಿಕೊಂಡು ಹೋಗಿತ್ತು. ಸುತ್ತಲಿನ ಕಲ್ಲು ಸವೆದು ಆ ಎಳೆ ಮಾತ್ರ ಉಬ್ಬಿ ನಿಂತಿತ್ತು, ಕೈಯಾಡಿಸಿದರೆ ತಿಳಿಯುತ್ತದೆ. ನೀರು ತಾಗುವ ಮಟ್ಟದವರೆಗೆ ಚೂಪಾದ ಚಿಪ್ಪುಗಳು ಕಚ್ಚಿಕೊಂಡಿದ್ದವು. ಅವು ಮುಗಿದಲ್ಲಿ ಭರತದ ಗೆರೆ.

ಅಲೆಗಳು ಬರುವ ಬಗೆಯನ್ನೂ ಇಲ್ಲಿ ಕೂತೇ ನೋಡಬಹುದು. ದೂರದಲ್ಲಿ ನೇರವಾಗಿದ್ದ ಅಲೆ ಭೂಶಿರದ ಹತ್ತಿರ ಆಳ ಕಡಿಮೆಯಾದ ಕಡೆ ನಿಧಾನವಾಗಿ, ಬಾಗಿ, ಮೂರು ಕಡೆಯಿಂದಲೂ ಬಂಡೆಗೇ ಬಡಿಯುತ್ತದೆ. ಪಕ್ಕದ ಕೊಲ್ಲಿಗೆ ಹೋಗುವಷ್ಟರಲ್ಲಿ ಅದರ ಬಲ ಹರಡಿಹೋಗಿರುತ್ತದೆ. ಅದಕ್ಕೇ ಭೂಶಿರದಲ್ಲಿ ಕಲ್ಲು ಒಡೆಯುತ್ತದೆ, ಕೊಲ್ಲಿಯಲ್ಲಿ ಮರಳು ಕೂರುತ್ತದೆ. ಬುಡ ಕೊರೆದು ಮೇಲಿನದನ್ನು ಕೆಡವುವ ಕೆಲಸ ಜೋಗದ್ದೇ, ಇಲ್ಲಿ ಮಾಡುವುದು ಕಡಲು.

ಹೋಗುವವರು ಇಳಿತದ ಹೊತ್ತು ವಿಚಾರಿಸಿಕೊಂಡು ಹೋಗಿ, ಆಗಲೇ ಬಂಡೆಯ ಬುಡ ಕಾಣುವುದು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲಿಡಲೇಬೇಡಿ. ಸಾಗರದಿಂದ ಬೆಳಿಗ್ಗೆ ಬೇಗ ಹೊರಟರೆ ಜೋಗದಲ್ಲಿ ಒಂದು ತಾಸು ನಿಂತರೂ ಮಧ್ಯಾಹ್ನದ ಊಟಕ್ಕೆ ಗೋಕರ್ಣದಲ್ಲಿರಬಹುದು.