ಮೂರನೇ ಲೆಗ್ ಓಡಿದವಳು

ಕಾಲೇಜಿನ ಹಳೆಯ ಕ್ರೀಡಾಪಟುಗಳಿಗೆ ಸನ್ಮಾನ ಇದೆ, ಬನ್ನಿ ಅಂತ ಪತ್ರ ಬಂತು. ಜೊತೆಗೆ ಸನ್ಮಾನ ಆಗುವವರ ಪಟ್ಟಿ. ಎರಡು ಸಲ ಓದಿದೆ. ಹಾಕಿ ಆಡಿದವರಿದ್ದರು, ಎಪ್ಪತ್ತರ ದಶಕದ ಬಾಲ್ ಬ್ಯಾಡ್ಮಿಂಟನ್ ತಂಡ ಇತ್ತು, ಖೋ ಖೋ ಇತ್ತು. ಕೆಳಗೆ ಒಂದು ಸಾಲಿನಲ್ಲಿ ‘ಮಹಿಳೆಯರ 4×100 ಮೀಟರ್ ರಿಲೇ, 2000’ ಅಂತ ಬರೆದು ಮುಂದೆ ಮೂರು ಹೆಸರು ಹಾಕಿದ್ದರು. ಅದರಲ್ಲಿ ನನ್ನದೂ ಒಂದು. ರಿಲೇ ಓಡಲು ನಾಲ್ಕು ಜನ ಬೇಕು ಅಲ್ವಾ? ನಾಲ್ಕನೆಯವಳು ಎಲ್ಲಿ?

ಅವಳ ವಿಷಯ ಬರೆಯಲೇಬೇಕು ಅಂತ ಕೂತಿದ್ದೇನೆ. ಈ ಕಾಲೇಜು ಪತ್ರಿಕೆಯಲ್ಲಿ ಹೆಸರು ಹಾಕಬೇಡ ಕಣೇ ಅಂದಿದ್ದಾಳೆ, ಹಾಗಾಗಿ ಹಾಕಿಲ್ಲ.

ನಾನು ಬಿ.ಕಾಂ.ಗೆ ಸೇರಿದ್ದು 1999ರಲ್ಲಿ. ನಮ್ಮ ಮೈದಾನ ಎಷ್ಟು ಚಿಕ್ಕದು ಅಂತ ನಿಮಗೇ ಗೊತ್ತು. 400 ಮೀಟರ್ ಟ್ರ್ಯಾಕ್ ಅದರೊಳಗೆ ಹಿಡಿಸುವುದಿಲ್ಲ. ಪಿ.ಡಿ. ಸರ್, ಅಂದರೆ ದೈಹಿಕ ಶಿಕ್ಷಣ ನಿರ್ದೇಶಕರು, ಬೆಳಿಗ್ಗೆ ಐದೂವರೆಗೆಲ್ಲ ಬಂದು, ಟೇಪ್ ಹಿಡಿದು ಅಳೆದು, ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸಿಕೊಂಡು ಬಗ್ಗಿಕೊಂಡೇ 200 ಮೀಟರಿನ ಒಂದು ಸುತ್ತು ಹಾಕುತ್ತಿದ್ದರು. ಒಂದು ಜೋರು ಮಳೆ ಬಂದರೆ ಎಲ್ಲಾ ತೊಳೆದುಕೊಂಡು ಹೋಗುತ್ತಿತ್ತು, ಮಾರನೇ ದಿನ ಮತ್ತೆ ಹಾಕುತ್ತಿದ್ದರು. ಅವರು ಬೇಜಾರು ಮಾಡಿಕೊಂಡಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ.

ಅವಳು ಬರುತ್ತಿದ್ದದ್ದು ಮಾಗಡಿ ರಸ್ತೆಯಲ್ಲಿ ತಾವರೆಕೆರೆಯಿಂದಲೂ ಆಚೆಗಿನ ಒಂದು ಹಳ್ಳಿಯಿಂದ. ಮೊದಲ ಬಸ್ಸು ಹಿಡಿದು ಬಂದು, ಮೈದಾನದ ಅಂಚಿನ ಮಳೆಮರದ ಕೆಳಗೆ ಬ್ಯಾಗ್ ಇಟ್ಟು, ಚೂಡಿದಾರದ ದುಪಟ್ಟಾ ಮಡಚಿ ಅದರ ಮೇಲೆ ಇಟ್ಟು ಓಡಲು ಬರುತ್ತಿದ್ದಳು. ಪ್ರಾಕ್ಟೀಸ್ ಮುಗಿದ ಮೇಲೆ ಸ್ಟೀಲ್ ಡಬ್ಬಿ ತೆಗೆಯುತ್ತಿದ್ದಳು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಎಷ್ಟೇ ಇದ್ದರೂ ನಾಲ್ಕು ಭಾಗ. ಆ ಚಟ್ನಿಯ ವಾಸನೆ ಎಲ್ಲಾದರೂ ಬಂದರೆ ಈಗಲೂ ನನಗೆ ಒದ್ದೆ ಮಣ್ಣು, ಸುಣ್ಣ, ಬೆವರು ಎಲ್ಲಾ ಒಟ್ಟಿಗೆ ನೆನಪಾಗುತ್ತವೆ.

ಓಟದಲ್ಲಿ ಅವಳ ಮುಂದೆ ನಾವು ಮೂವರೂ ಕಡಿಮೆಯೇ. ಆದರೂ ಸರ್ ಅವಳನ್ನು ಕೊನೆಯ ಲೆಗ್‌ಗೆ, ಅಂದರೆ ಕೊನೆಯ ನೂರು ಮೀಟರ್‌ಗೆ, ಹಾಕಲಿಲ್ಲ, ತಿರುವು ಇರುವ ಮೂರನೆಯದಕ್ಕೆ ಹಾಕಿದರು. ತಿರುವಿನಲ್ಲಿ ವೇಗ ಕಳೆದುಕೊಳ್ಳದೆ ಓಡುವವರು ಸಿಗುವುದು ಕಷ್ಟ, ನೇರ ದಾರಿಯಲ್ಲಿ ಯಾರು ಬೇಕಾದರೂ ಓಡುತ್ತಾರೆ ಅನ್ನುತ್ತಿದ್ದರು. ಮೊದಲನೆಯವಳು ಬಲಗೈಯಲ್ಲಿ ಬ್ಯಾಟನ್, ಅಂದರೆ ಕೈಯಿಂದ ಕೈಗೆ ದಾಟಿಸುವ ಕೋಲು, ಹಿಡಿದು ತಿರುವಿನ ಒಳಅಂಚಿಗೆ ಒತ್ತಿಕೊಂಡು ಬಂದು ಎರಡನೆಯವಳ ಎಡಗೈಗೆ ಕೊಡಬೇಕು. ಅವಳು ಮೂರನೆಯವಳ ಬಲಗೈಗೆ, ಮೂರನೆಯವಳು ಕೊನೆಯವಳ ಎಡಗೈಗೆ. ನಾನು ಎರಡನೆಯವಳು. ಅಂದರೆ ಎರಡು ವರ್ಷ ನಾನು ದಿನವೂ ಓಡಿದ್ದು ಅವಳ ಬಲಗೈ ಕಡೆಗೆ.

ತೆಗೆದುಕೊಳ್ಳುವವರು ಹಿಂದೆ ತಿರುಗಿ ನೋಡಬಾರದು. ಬರುವವಳು ನೆಲದ ಮೇಲಿನ ಗುರುತು ದಾಟಿದ ಕೂಡಲೇ ಹೊರಟುಬಿಡಬೇಕು, ಹಿಂದಿನಿಂದ ಕೂಗು ಬಂದಾಗ ಕೈ ಚಾಚಬೇಕು, ಅಷ್ಟೇ. ಗುರುತು ಎಲ್ಲಿ ಅನ್ನುವುದನ್ನು ನಾವು ಹೆಜ್ಜೆಗೆ ಹೆಜ್ಜೆ ತಾಗಿಸಿ ಅಳೆಯುತ್ತಿದ್ದೆವು. ನಮ್ಮಿಬ್ಬರ ನಡುವೆ 21 ಪಾದ. ಆಗ ಬ್ಯಾಟನ್ ಬದಲಾಯಿಸಲು ಇದ್ದದ್ದು 20 ಮೀಟರ್ ಜಾಗ, ಅದನ್ನೇ ವಲಯ ಅನ್ನುವುದು, ಈಗ ನಿಯಮ ಬದಲಾಗಿ 30 ಮೀಟರ್ ಆಗಿದೆ. ಆ ಜಾಗದೊಳಗೇ ಬ್ಯಾಟನ್ ಕೈ ಬದಲಾಗಬೇಕು. ಓಡುವವರ ಕಾಲು ಎಲ್ಲಿದೆ ಅಂತ ನೋಡುವುದಿಲ್ಲ, ಬ್ಯಾಟನ್ ಎಲ್ಲಿದೆ ಅಂತ ನೋಡುತ್ತಾರೆ. ಗೆರೆ ದಾಟಿತೋ, ಇಡೀ ತಂಡ ಔಟ್.

ಪ್ರಾಕ್ಟೀಸ್ ಮುಗಿದು ಕಾಲು ಚಾಚಿ ಕೂತಾಗ ಸರ್ ಕಥೆ ಹೇಳುತ್ತಿದ್ದರು. ಕೋಲಾರದಲ್ಲಿ ಹುಟ್ಟಿದ ಕೆನೆತ್ ಪಾವೆಲ್ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿದ್ದು, 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ರಿಲೇ ತಂಡದ ಜೊತೆ ಕಂಚು ತಂದದ್ದು. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಮ್ಮ ಹುಡುಗಿಯರು 4×400 ರಿಲೇ ಫೈನಲ್‌ಗೆ ಹೋಗಿ ಏಳನೆಯವರಾದರಲ್ಲ, ಆ ತಂಡದಲ್ಲಿ ಕರ್ನಾಟಕದ ವಂದನಾ ರಾವ್ ಇದ್ದರು. ಪಿ.ಟಿ. ಉಷಾ ಹೆಸರು ಎಲ್ಲರಿಗೂ ಗೊತ್ತು, ಉಳಿದ ಮೂವರ ಹೆಸರು ಹೇಳಿ ನೋಡೋಣ ಅಂತ ಕೇಳುತ್ತಿದ್ದರು. ನಮಗೆ ಬರುತ್ತಿರಲಿಲ್ಲ. ವಂದನಾ ರಾವ್, ಶೈನಿ ಅಬ್ರಹಾಂ, ಎಂ.ಡಿ. ವಲ್ಸಮ್ಮ ಅಂತ ಆ ಮೂರೂ ಹೆಸರು ಬಾಯಿಪಾಠ ಮಾಡಿಸಿದರು. ಅಶ್ವಿನಿ ನಾಚಪ್ಪ ಉಷಾ ಅವರನ್ನೇ ಹಿಂದೆ ಹಾಕಿದ ಓಟದ ಕಥೆಯನ್ನಂತೂ ಎಷ್ಟು ಸಲ ಹೇಳಿದರೂ ಅವಳು ಇನ್ನೊಂದು ಸಲ ಹೇಳಿ ಸಾರ್ ಅನ್ನುತ್ತಿದ್ದಳು.

ಅಂತರ ಕಾಲೇಜು ಕೂಟ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ. ಸಂಪಂಗಿ ಕೆರೆ ಇದ್ದ ಜಾಗ ಅದು, 1997ರ ರಾಷ್ಟ್ರೀಯ ಕ್ರೀಡಾಕೂಟ ಅಲ್ಲೇ ನಡೆದಿತ್ತು. ಮಣ್ಣಿನಲ್ಲಿ ಓಡಿ ಗೊತ್ತಿದ್ದ ನಮಗೆ ಸಿಂಥೆಟಿಕ್ ಟ್ರ್ಯಾಕ್ ಮೇಲೆ ಕಾಲಿಟ್ಟಾಗ ಅದು ನಮ್ಮನ್ನು ಮೇಲಕ್ಕೆ ತಳ್ಳಿದ ಹಾಗಾಯಿತು. ಇದ್ದದ್ದು ಎರಡೇ ಜೊತೆ ಸ್ಪೈಕ್ಸ್, ಅಡಿಯಲ್ಲಿ ಮೊಳೆ ಇರುವ ಓಟದ ಶೂ. ಬ್ಲಾಕ್‌ನಿಂದ ಹೊರಡುವ ಮೊದಲನೆಯವಳಿಗೆ ಒಂದು, ಕೊನೆಯವಳಿಗೆ ಒಂದು. ನಾನು ಕ್ಯಾನ್ವಾಸ್ ಶೂ. ಅವಳು ಬರಿಗಾಲು.

ಈಗ ಹೇಳುವುದನ್ನು 24 ವರ್ಷದಿಂದ ನಾನು ಯಾರ ಮುಂದೆಯೂ ಸರಿಯಾಗಿ ಹೇಳಿಲ್ಲ. ಬ್ಯಾಟನ್ ಸಿಕ್ಕ ಉತ್ಸಾಹದಲ್ಲಿ ನಾನು ಮೊದಲ 60 ಮೀಟರ್‌ಗೇ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿಬಿಟ್ಟೆ. ಕೊನೆಗೆ ಬರುವಷ್ಟರಲ್ಲಿ ಕಾಲು ಕಲ್ಲಾಗಿತ್ತು. ಗುರುತು ದಾಟಿದೆ, ಅವಳು ಲೆಕ್ಕದ ಪ್ರಕಾರ ಹೊರಟಳು, ನಮ್ಮಿಬ್ಬರ ನಡುವಿನ ದೂರ ಕಡಿಮೆಯಾಗುವ ಬದಲು ಜಾಸ್ತಿ ಆಗುತ್ತಾ ಹೋಯಿತು. ಕೂಗಲು ನನಗೆ ಉಸಿರೇ ಇರಲಿಲ್ಲ. ಕೂಗು ಬರಲಿಲ್ಲ ಅಂತ ಅವಳಿಗೆ ಗೊತ್ತಾಯಿತು. ಓಡುತ್ತಲೇ ಎರಡು ಹೆಜ್ಜೆ ತಡೆದಳು, ಬಲಗೈ ಹಿಂದಕ್ಕೆ ಚಾಚಿ ಬೆರಳು ಅಗಲಿಸಿ ಹಿಡಿದಳು. ಮುಂದೆ ಹಳದಿ ಗೆರೆ, ಅದರ ಪಕ್ಕ ಬಾವುಟ ಹಿಡಿದು ಬಗ್ಗಿ ನಿಂತ ಜಡ್ಜ್. ಬ್ಯಾಟನ್ ಅವಳ ಅಂಗೈಗೆ ಸೇರಿದಾಗ ಗೆರೆ ಒಂದು ಗೇಣು ದೂರ ಇತ್ತು. ನಾನು ನೋಡಿದ್ದೇನೆ. ಒಂದೇ ಗೇಣು. ಬಾವುಟ ಏಳಲಿಲ್ಲ.

ಎರಡನೇ ಸ್ಥಾನ ಬಂತು. ಕುಣಿದೆವು. ಆದರೆ ಗ್ಯಾಲರಿಯಲ್ಲಿದ್ದ ಕಾಲೇಜಿನವರಿಗೆ ಕಂಡದ್ದು ಅವಳು ನಡುವೆ ನಿಧಾನ ಮಾಡಿದ್ದು ಮಾತ್ರ. ಅವಳು ನಿಲ್ಲದಿದ್ದರೆ ಫಸ್ಟ್ ಬರ್ತಿತ್ತು ಅಂತ ಬಸ್ಸಿನಲ್ಲಿ ಯಾರೋ ಅಂದರು. ಅವಳು ಕಾಲು ಮೇಲೆತ್ತಿ ಅಂಗಾಲಿನ ಬೊಬ್ಬೆ ನೋಡಿಕೊಳ್ಳುತ್ತಾ ಕೂತಿದ್ದಳು, ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಬೇಕಿತ್ತು. ತಪ್ಪು ನನ್ನದು, ಅವಳು ತಡೆದಿದ್ದರಿಂದಲೇ ಪದಕ ಉಳಿಯಿತು ಅಂತ ಎದ್ದು ನಿಂತು ಹೇಳಬೇಕಿತ್ತು. ಅದನ್ನು ಇಲ್ಲಿ, ಕಾಲೇಜಿನ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

2001ರಲ್ಲಿ ಅವಳ ತಂದೆ ಹಾಸಿಗೆ ಹಿಡಿದರು. ಎರಡನೇ ವರ್ಷದ ಪರೀಕ್ಷೆ ಕಟ್ಟಲಿಲ್ಲ. ಮೈಸೂರು ರಸ್ತೆಯ ಕಡೆ ಒಂದು ಗಾರ್ಮೆಂಟ್ಸ್‌ಗೆ ಸೇರಿದಳು. ಆ ಕಾಲದಲ್ಲಿ ಕ್ರೀಡಾ ಕೋಟಾದಲ್ಲಿ ಕೆಲಸ ಸಿಗುತ್ತೆ ಅಂತ ಎಲ್ಲರೂ ಹೇಳುತ್ತಿದ್ದರು, ನಿಜ, ರೈಲ್ವೆಯಲ್ಲಿ ಬ್ಯಾಂಕಿನಲ್ಲಿ ಸಿಕ್ಕವರೂ ಇದ್ದಾರೆ. ಆದರೆ ಅದಕ್ಕೆ ರಾಜ್ಯದ ಪರವಾಗಿಯೋ ವಿಶ್ವವಿದ್ಯಾಲಯದ ಪರವಾಗಿಯೋ ಆಡಿದ ಸರ್ಟಿಫಿಕೇಟ್ ಬೇಕು. ಕಾಲೇಜಿನ ಪರವಾಗಿ ಓಡಿದ್ದಕ್ಕೆ ಅಲ್ಲಿ ಬೆಲೆ ಇಲ್ಲ. ಇನ್ನೊಂದು ವರ್ಷ ಓದಿದ್ದರೆ ಅವಳು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ಆಗುತ್ತಿದ್ದಳು ಅಂತ ಸರ್ ನಂಬಿದ್ದರು. ನಾನೂ ನಂಬುತ್ತೇನೆ.

ಈಗಿನ ಪಿ.ಡಿ. ಮೇಡಂಗೆ ಫೋನ್ ಮಾಡಿದೆ. ಪಟ್ಟಿಯನ್ನು ಡಿಗ್ರಿ ಮುಗಿಸಿದವರ ದಾಖಲೆ ನೋಡಿ ಮಾಡಿದ್ದಂತೆ, ಹಾಗಾಗಿ ಬಿಟ್ಟುಹೋಗಿದೆ ಅಂದರು. ಅವರು ವಾದ ಮಾಡಲಿಲ್ಲ. ಬನ್ನಿ, ಹುಡುಕೋಣ ಅಂದರು. ಹಳೆಯ ಸ್ಪೋರ್ಟ್ಸ್ ರೂಮಿನ ಬೀರುವಿನಲ್ಲಿ, ಹರಿದ ವಾಲಿಬಾಲ್ ನೆಟ್ ಕೆಳಗೆ, ಸರ್ ಬರೆಯುತ್ತಿದ್ದ ಉದ್ದನೆಯ ರಿಜಿಸ್ಟರ್‌ಗಳು ಸಿಕ್ಕವು. ಕೆಂಪು ಬಟ್ಟೆಯ ಬೈಂಡು, ಅಂಚೆಲ್ಲಾ ಗೆದ್ದಲು. 2000ದ ಪುಟದಲ್ಲಿ ನಾಲ್ಕು ಹೆಸರೂ ಇದ್ದವು, ಎದುರಿಗೆ ಸ್ಟಾಪ್‌ವಾಚ್‌ನ ಟೈಮಿಂಗ್. ಅವಳ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ ಸರ್ ಬರೆದಿದ್ದರು: ‘ವಲಯದೊಳಗೆ ತಡೆದು ತಂಡ ಉಳಿಸಿದಳು.’ ಅವರು ನೋಡಿದ್ದರು. ನಾನು ಅಲ್ಲೇ ಧೂಳಿನ ಬೆಂಚಿನ ಮೇಲೆ ಕೂತು ಅತ್ತೆ.

ಅವಳ ನಂಬರ್ ಸಿಗಲು ಹತ್ತು ದಿನ ಹಿಡಿಯಿತು. ‘ನಾನು ಡಿಗ್ರಿನೇ ಮುಗಿಸಿಲ್ಲ ಕಣೇ, ಬಂದ್ರೆ ಯಾರಾದ್ರೂ ಏನಾದ್ರೂ ಅಂತಾರೆ’ ಅಂದಳು. ಪಿ.ಡಿ. ಮೇಡಂ ಫೋನ್ ಇಸಿದುಕೊಂಡು ಆ ಸಾಲನ್ನು ಓದಿ ಹೇಳಿದರು. ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ, ಎಷ್ಟು ಗಂಟೆಗೆ ಮೇಡಂ, ಅಂತ ಕೇಳಿದಳು.

ಕಾರ್ಯಕ್ರಮ ಚೆನ್ನಾಗಿ ಆಯಿತು. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಗಂಡಸರಿಗೆ ಮೈಸೂರು ಪೇಟ. ಎಂಬತ್ತರ ಹತ್ತಿರದ ಬಾಲ್ ಬ್ಯಾಡ್ಮಿಂಟನ್ ಆಟಗಾರರೊಬ್ಬರು ಜೇಬಿನಿಂದ ಹಳದಿ ಉಣ್ಣೆಯ ಚೆಂಡು ತೆಗೆದು, ಐದು ಜನ ಹೇಗೆ ನಿಂತು ಆಡುತ್ತಿದ್ದೆವು ಅಂತ ವೇದಿಕೆಯ ಮೇಲೇ ನಿಂತು ತೋರಿಸಿದರು, ಹುಡುಗರು ಎದ್ದು ನಿಂತು ಚಪ್ಪಾಳೆ ಹೊಡೆದರು. ಅವಳು ಮಗಳ ಜೊತೆ ಬಂದಿದ್ದಳು. ನಮ್ಮ ನಾಲ್ವರನ್ನು ಕರೆದಾಗ ಮಗಳು ಮುಂದಿನ ಸಾಲಿನಲ್ಲಿ ನಿಂತು ಫೋನಿನಲ್ಲಿ ವಿಡಿಯೋ ಮಾಡುತ್ತಾ ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಮ್ಮ ಓಡುತ್ತಿದ್ದಳು ಅಂತ ಆ ಹುಡುಗಿಗೆ ಗೊತ್ತೇ ಇರಲಿಲ್ಲವಂತೆ. ಈಗ ದೈಹಿಕ ಶಿಕ್ಷಣ ವಿಭಾಗದ ಹೊರಗಿನ ಬೋರ್ಡಿನಲ್ಲಿ ನಾಲ್ಕು ಹೆಸರಿದೆ. ಅಲ್ಲಿ ಇದೆಯಲ್ಲ, ಅಷ್ಟು ಸಾಕು ಅಂದಳು.

ಆ ರಿಜಿಸ್ಟರ್‌ಗಳಲ್ಲಿ ಡಿಗ್ರಿ ಮುಗಿಸದೆ ಹೋದವರು ಇನ್ನೂ 11 ಜನ ಇದ್ದಾರೆ. ಮೇಡಂ ಮತ್ತು ನಾನು ಕೂತು ಬರೆದುಕೊಂಡಿದ್ದೇವೆ. 1983ರ ಖೋ ಖೋ ತಂಡದ ಇಬ್ಬರು, ಒಬ್ಬರ ಊರು ಕುಣಿಗಲ್ ಅಂತ ಇದೆ. 1991ರಲ್ಲಿ ಕಬಡ್ಡಿ ಆಡಿದ ಒಬ್ಬರು, ಸಂಜೆ ಹೊತ್ತು ಕಲಾಸಿಪಾಳ್ಯದಲ್ಲಿ ಕೆಲಸ ಮಾಡುತ್ತಿದ್ದರು ಅಂತ ಸರ್ ಬರೆದಿದ್ದಾರೆ. 1994ರ ಉದ್ದ ಜಿಗಿತದ ಹುಡುಗಿ, ಚಿಕ್ಕಬಳ್ಳಾಪುರದ ಕಡೆಯವರು. ಪೂರ್ತಿ ಪಟ್ಟಿಯನ್ನು ಸ್ಪೋರ್ಟ್ಸ್ ರೂಮಿನ ಬಾಗಿಲಿಗೆ ಅಂಟಿಸಿದ್ದೇವೆ. ನಿಮ್ಮ ಬ್ಯಾಚಿನವರು ಯಾರಾದರೂ ಅದರಲ್ಲಿ ಇದ್ದರೆ, ಸುಮ್ನೆ ಒಂದು ಸಲ ಹೋಗಿ ನೋಡಿ, ಗೊತ್ತಿದ್ದರೆ ಮೇಡಂಗೆ ಹೇಳಿ. ಮುಂದಿನ ಕ್ರೀಡಾ ದಿನಕ್ಕೆ ಅವರನ್ನೂ ಕರೆಯುತ್ತಾರೆ.