ಎಳೆ ಕಡಿಯದ ಓದು

ಶಿಡ್ಲಘಟ್ಟದಲ್ಲಿ ನಮ್ಮ ಮನೆಯ ಹಿಂದೆ ರೇಷ್ಮೆ ನೂಲು ಬಿಚ್ಚುವ ಚಿಕ್ಕ ಘಟಕವಿದೆ. ಬಿಸಿನೀರಿನ ತೊಟ್ಟಿಯಲ್ಲಿ ತೇಲುವ ಹಲವು ಗೂಡುಗಳ ಎಳೆಗಳು ಕೂಡಿ ಒಂದು ನೂಲಾಗುವಾಗ, ಒಂದೆಳೆ ಕಡಿದರೂ ನೂಲು ನಿಲ್ಲುವುದಿಲ್ಲ, ಸದ್ದಿಲ್ಲದೆ ತೆಳುವಾಗುತ್ತದೆ. ಅಲ್ಲಿ ದುಡಿಯುವ ಹೆಂಗಸರು ಅದನ್ನು ಕಣ್ಣಿನಲ್ಲೇ ಗುರುತಿಸಿ, ಮತ್ತೊಂದು ಗೂಡಿನ ತುದಿಯನ್ನು ತಕ್ಷಣ ಸೇರಿಸುತ್ತಾರೆ. "ಹೇಗೆ ಗೊತ್ತಾಗುತ್ತಕ್ಕಾ?" ಎಂದು ಹಿರಿಯರೊಬ್ಬರನ್ನು ಕೇಳಿದ್ದೆ. "ನೋಡ್ತಾನೇ ಇರಬೇಕಪ್ಪ, ಆ ಕಡೆ ಈ ಕಡೆ ತಿರುಗಿದ್ರೆ ಗೊತ್ತಾಗಲ್ಲ" ಎಂದರು. ನನ್ನ ಓದು ತೆಳುವಾದದ್ದೂ ನನಗೆ ಬಹಳ ಕಾಲ ಹಾಗೆಯೇ ಗೊತ್ತಾಗಿರಲಿಲ್ಲ.

ಗೊತ್ತಾದದ್ದು ಮಾಸ್ತಿಯವರ 'ಚಿಕವೀರ ರಾಜೇಂದ್ರ'ವನ್ನು ಎರಡನೆಯ ಸಲ ಹಿಡಿದಾಗ. ಮಾಸ್ತಿಯವರು ನಮ್ಮ ಸೀಮೆಯವರೇ, ಮಾಲೂರು ತಾಲ್ಲೂಕಿನವರು. ಕಾಲೇಜಿನ ದಿನಗಳಲ್ಲಿ ನಾಲ್ಕು ರಾತ್ರಿಗಳಲ್ಲಿ ಮುಗಿಸಿದ್ದ ಕಾದಂಬರಿ ಈ ಸಲ ವಾರವಾದರೂ ಮೂವತ್ತು ಪುಟ ದಾಟಲಿಲ್ಲ. ಮಡಿಕೇರಿಯ ಅರಮನೆ ಹೇಗಿದೆಯೆಂದು ನೋಡಲು ಫೋನ್ ತೆಗೆದವನು ಚಿತ್ರದಿಂದ ವಿಡಿಯೊಗೆ, ವಿಡಿಯೊದಿಂದ ಕೋಲಾರದ ಮಾರುಕಟ್ಟೆಯ ಟೊಮೆಟೊ ಧಾರಣೆಗೆ ಹೋಗಿ ಮುಕ್ಕಾಲು ಗಂಟೆಯ ನಂತರ ಪುಸ್ತಕಕ್ಕೆ ಮರಳಿದರೆ, ಪುಟದಲ್ಲಿ ಮಾತನಾಡುತ್ತಿರುವವರು ಯಾರೆಂಬುದೇ ತಿಳಿಯಲಿಲ್ಲ.

ಅರ್ಧಕ್ಕೆ ಬಿಟ್ಟ ಕೆಲಸದಿಂದ ಮತ್ತೊಂದಕ್ಕೆ ಹೊರಳಿದಾಗ ಗಮನದ ಒಂದಂಶ ಹಿಂದಿನದರಲ್ಲೇ ಉಳಿದುಬಿಡುತ್ತದೆ ಎಂಬುದನ್ನು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದರು. ಪುಸ್ತಕಕ್ಕೆ ಮರಳಿದವನು ನಾನು ಪೂರ್ತಿಯಾಗಿ ಮರಳಿರಲೇ ಇಲ್ಲ.

ಪರದೆಯನ್ನೇ ದೂರುವುದು ಸುಲಭ, ಆದರೆ ಅದು ಸರಿಯೆನಿಸುವುದಿಲ್ಲ. ಕಾಗದದ ಓದು ಮತ್ತು ಪರದೆಯ ಓದನ್ನು ಹೋಲಿಸಿದ 54 ಅಧ್ಯಯನಗಳನ್ನು, 1,70,000ಕ್ಕೂ ಹೆಚ್ಚು ಓದುಗರ ಫಲಿತಾಂಶಗಳನ್ನು, ಒಟ್ಟಾಗಿ ಪರಿಶೀಲಿಸಿದ 2018ರ ವಿಶ್ಲೇಷಣೆಯಲ್ಲಿ ಮಾಹಿತಿಪರ ಬರಹ ಕಾಗದದಲ್ಲಿ ಹೆಚ್ಚು ಅರ್ಥವಾಗುತ್ತದೆಂದೂ, ಸಮಯದ ಒತ್ತಡವಿದ್ದಾಗ ಈ ಅಂತರ ಹಿಗ್ಗುತ್ತದೆಂದೂ ಕಂಡುಬಂದಿತು. ಕಥನದ ವಿಷಯದಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ನನ್ನ ಕೈಯಲ್ಲಿದ್ದುದಂತೂ ಕಾಗದದ ಕಾದಂಬರಿಯೇ. ಆದ್ದರಿಂದ ಕೆಟ್ಟಿರುವುದು ದಿನವಿಡೀ ಬೆರಳಿನಿಂದ ಸರಿಸುತ್ತ, ಸಾಲುಗಳ ಮೇಲೆ ಕಣ್ಣಾಡಿಸುತ್ತ ರೂಢಿಸಿಕೊಂಡ ನನ್ನ ಅಭ್ಯಾಸ ಎಂದೇ ನಾನು ತಿಳಿದಿದ್ದೇನೆ. ಪುಸ್ತಕದ ಪುಟಕ್ಕೆ ಒಂದು ಕೊನೆಯಿದೆ, ಅಲ್ಲಿ ಮನಸ್ಸು ಒಂದು ಉಸಿರು ನಿಲ್ಲುತ್ತದೆ. ಫೋನಿನಲ್ಲಿ ಸರಿಯುತ್ತಲೇ ಇರುವ ಪುಟಕ್ಕೆ ಆ ಕೊನೆಯೇ ಇಲ್ಲ.

ಮಾತು ಮಗುವಿಗೆ ಸಹಜವಾಗಿ ಬರುತ್ತದೆ, ಓದು ಬರುವುದಿಲ್ಲ. ಬರವಣಿಗೆಗೆ ಸುಮಾರು 5,000 ವರ್ಷಗಳಷ್ಟೇ ವಯಸ್ಸು. ನೋಡುವುದಕ್ಕೆ, ಮಾತಿಗೆ ಇರುವ ಭಾಗಗಳನ್ನೇ ಹೆಣೆದುಕೊಂಡು ಮಿದುಳು ಓದಲು ಕಲಿಯುತ್ತದೆ. ಆ ಹೆಣಿಗೆ ನಾವು ಹೇಗೆ ಓದುತ್ತೇವೋ ಹಾಗೆ ರೂಪುಗೊಳ್ಳುತ್ತದೆ ಎನ್ನುವ ಮೇರಿಯಾನ್ ವುಲ್ಫ್, ಜೀವನವಿಡೀ ಓದಿನ ಬಗ್ಗೆಯೇ ಸಂಶೋಧನೆ ಮಾಡಿದವರು, ಹಿಂದೆ ಮೆಚ್ಚಿ ಓದಿದ್ದ ಕಾದಂಬರಿಯೊಂದು ತಮಗೂ ಓದಲಾಗದೆ ಹೋಯಿತೆಂದು ಬರೆದಿದ್ದಾರೆ. ದಿನಕ್ಕೆ ಸ್ವಲ್ಪ ಹೊತ್ತು ಪಟ್ಟುಹಿಡಿದು ಓದಿ ಅವರು ಆ ಶಕ್ತಿಯನ್ನು ಮರಳಿ ಪಡೆದರು. ಅದನ್ನು ಓದಿದ ದಿನ ನನಗೆ ನಿಜವಾಗಿಯೂ ಧೈರ್ಯ ಬಂದಿತು.

ಈಗ ಬೆಳಿಗ್ಗೆ ಐದೂವರೆಗೆ, ಹಿಂದಿನ ಘಟಕದಲ್ಲಿ ಒಲೆ ಹಚ್ಚುವ ಮೊದಲೇ, ಫೋನನ್ನು ಅಡುಗೆಮನೆಯ ರಾಗಿಹಿಟ್ಟಿನ ಡಬ್ಬದ ಪಕ್ಕದಲ್ಲಿಟ್ಟು ಓದಲು ಕೂರುತ್ತೇನೆ. ಮೊದಲ ಹತ್ತು ನಿಮಿಷ ಕೈ ಸುಮ್ಮನಿರುವುದಿಲ್ಲ, ಚಾಪೆಯ ಮೇಲೆ ಏನನ್ನೋ ತಡವುತ್ತದೆ. ನಿನ್ನೆ ನೂರ ಹನ್ನೆರಡನೆಯ ಪುಟದಲ್ಲಿದ್ದಾಗ ಗೂಡು ಬೇಯುವ ವಾಸನೆ ಕಿಟಕಿಯಿಂದ ಬಂದ ಮೇಲಷ್ಟೇ ಹೊತ್ತಾಗಿದೆಯೆಂದು ತಿಳಿಯಿತು.