ಗಂಟಲಲ್ಲಿ ಸಿಕ್ಕಿಕೊಂಡ ಮೇಲ್

ಕಾಫಿ ಕೊಯ್ಲಿನ ಡಿಸೆಂಬರ್‌ನಲ್ಲಿ ನಮ್ಮ ಆಫೀಸು ಬೆಳಿಗ್ಗೆ ಬೆಳಿಗ್ಗೆ ಸದ್ದಿಲ್ಲದೆ ಇದ್ದರೆ ಏನೋ ಕೆಟ್ಟಿದೆ ಅಂತಲೇ ಅರ್ಥ. ಇದು ಈಗ ಗೊತ್ತು. ಅವತ್ತು ಗೊತ್ತಿರಲಿಲ್ಲ. ದೂರುಗಳ ಟಿಕೆಟ್ ಪಟ್ಟಿ ಖಾಲಿ ಇದ್ದದ್ದು ನೋಡಿ, ಪರವಾಗಿಲ್ಲವಲ್ಲ ಅಂದುಕೊಂಡು ಇನ್ನೊಂದು ಲೋಟ ಕಾಫಿ ತರಿಸಿದ್ದೆ.

ಚಿಕ್ಕಮಗಳೂರಿನಲ್ಲಿ ಕಾಫಿ ತೋಟಗಳ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಪಂಪ್‌ಸೆಟ್, ತೂಕದ ಯಂತ್ರ ರಿಪೇರಿ ಮಾಡುವ ಸಣ್ಣ ಕಂಪನಿಯೊಂದರಲ್ಲಿ ನನ್ನ ಕೆಲಸ. ಪಲ್ಪರ್ ಬಿಚ್ಚಿ ಕೂಡಿಸಲು ನನಗೆ ಬರುವುದಿಲ್ಲ. ಕಂಪ್ಯೂಟರ್ ನೋಡಿಕೊಳ್ಳುವವನು ನಾನೊಬ್ಬನೇ. ತೋಟದವರು ದೂರು ಮೇಲ್ ಮಾಡುತ್ತಾರೆ. ಅದು ಒಂದು ಮೇಲ್‌ಬಾಕ್ಸಿಗೆ ಬಂದು ಬೀಳುತ್ತದೆ. ನಮ್ಮ ಸರ್ವರ್‌ನಲ್ಲಿರುವ ಟಿಕೆಟ್ ಸಾಫ್ಟ್‌ವೇರ್ 5 ನಿಮಿಷಕ್ಕೊಮ್ಮೆ ಹೋಗಿ ಆ ಮೇಲ್‌ಬಾಕ್ಸ್ ತೆಗೆದು, ಮೇಲ್‌ಗಳನ್ನು ತಂದು, ಒಂದೊಂದಕ್ಕೂ ಟಿಕೆಟ್ ನಂಬರ್ ಕೊಟ್ಟು, ದೂರು ಕೊಟ್ಟವರಿಗೆ ಆ ನಂಬರ್ ತಿಳಿಸಿ, ಮೆಕ್ಯಾನಿಕ್‌ಗಳ ಫೋನಿಗೆ ಕಳಿಸುತ್ತದೆ. ಫೋನ್ ಮಾಡಬಹುದಲ್ವಾ ಅಂತ ಹೊರಗಿನವರು ಕೇಳುತ್ತಾರೆ. ಎಷ್ಟೋ ತೋಟಗಳಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಒಂದೇ ಒಂದು ತಿರುವಿನಲ್ಲಿ. ಬಂಗಲೆಯ ವೈಫೈನಲ್ಲಿ ಮೇಲ್ ಹಾಕಿ ಮಲಗುವುದೇ ಅವರಿಗೆ ಸಲೀಸು.

ಒಂಬತ್ತು ಗಂಟೆ ಹೊತ್ತಿಗೆ ಆಲ್ದೂರು ಕಡೆಯ ತೋಟದ ಲೆಕ್ಕ ಬರೆಯುವ ರೈಟರ್ ಫೋನ್ ಬಂತು.

"ಸಾರ್, ರಾತ್ರಿನೇ ಮೇಲ್ ಹಾಕಿದೀನಿ. ಇನ್ನೂ ನಂಬ್ರ ಬಂದಿಲ್ಲ. ಪಲ್ಪರ್ ನಿಂತುಹೋಗಿದೆ. ಹಣ್ಣು ತೊಟ್ಟಿಲಿ ಹಾಗೇ ಇದೆ."

ಅರೇಬಿಕಾ ಹಣ್ಣು ಕೊಯ್ದ ದಿನವೇ ಪಲ್ಪರ್‌ಗೆ ಹೋಗಬೇಕು. ರಾಶಿಯಲ್ಲಿ ಬಿಟ್ಟರೆ ಒಳಗೇ ಕಾವು ಹತ್ತಿ ಹುಳಿ ಬರುತ್ತದೆ. ಹಾಗಾಗಿ ರೈಟರ್ ಗಲಾಟೆ ಮಾಡದೆ ಮೆಲ್ಲಗೆ ಮಾತಾಡಿದ್ದೇ ನನಗೆ ಜಾಸ್ತಿ ಭಯ ತಂದಿತು. ಮೊದಲು ಹಿರಿಯ ಮೆಕ್ಯಾನಿಕ್ ಅಣ್ಣನನ್ನು ಜೀಪು ಹತ್ತಿಸಿ ಆಲ್ದೂರಿಗೆ ಕಳಿಸಿದೆ. ಆಮೇಲೆ ಪಟ್ಟಿ ನೋಡಿದೆ. ಕೊನೆಯ ಟಿಕೆಟ್ ಹಿಂದಿನ ಸಂಜೆ 7:40ರದ್ದು. ಅಲ್ಲಿಂದ ಈಚೆಗೆ ಒಂದೂ ಇಲ್ಲ. ಪರದೆ ಮೇಲೆ ಕೆಂಪು ಅಕ್ಷರವಿಲ್ಲ, ಎಚ್ಚರಿಕೆ ಇಲ್ಲ, ಎಲ್ಲ ಎಂದಿನಂತೆ ಹಸಿರು.

ನಮ್ಮ ಅಪ್ಪನಿಗೆ ಸಣ್ಣದೊಂದು ತೋಟ ಇತ್ತು. ಸ್ಪ್ರಿಂಕ್ಲರ್‌ನಲ್ಲಿ ನೀರು ಬರದಿದ್ದರೆ ಅವರು ಪೈಪಿನುದ್ದಕ್ಕೂ ಅಗೆಯುತ್ತಿರಲಿಲ್ಲ. ನಡುವಿನ ಜಾಯಿಂಟ್ ಬಿಚ್ಚಿ ನೋಡುತ್ತಿದ್ದರು. ಅಲ್ಲಿ ನೀರಿದ್ದರೆ ತೊಂದರೆ ಮುಂದಕ್ಕೆ, ಇಲ್ಲದಿದ್ದರೆ ಹಿಂದಕ್ಕೆ. ನಾನೂ ಅದನ್ನೇ ಮಾಡಿದೆ. ನನ್ನ ಸ್ವಂತ ಫೋನಿನಿಂದ ಒಂದು ಮೇಲ್ ಹಾಕಿ, ಬ್ರೌಸರ್‌ನಲ್ಲಿ ಮೇಲ್‌ಬಾಕ್ಸ್ ತೆಗೆದೆ. ಮೇಲ್ ಬಂದು ಕೂತಿತ್ತು. ಅದರ ಕೆಳಗೆ ಇನ್ನೂ ಒಂದು ರಾಶಿ. ಅಂದರೆ ಊರವರ ಮೇಲ್ ನಮ್ಮ ಬಾಗಿಲಿಗೆ ಬರುತ್ತಿದೆ. ಬಾಗಿಲಿನಿಂದ ಒಳಗೆ ಹೋಗುತ್ತಿಲ್ಲ.

ನನಗೆ ಮೊದಲು ಅನುಮಾನ ಬಂದದ್ದು ಪಾಸ್‌ವರ್ಡ್ ಮೇಲೆ. ಒಮ್ಮೆ ಕೈ ಸುಟ್ಟುಕೊಂಡಿದ್ದೆ, ಅದಕ್ಕೆ. 2022ರಲ್ಲಿ ದೊಡ್ಡ ಮೇಲ್ ಕಂಪನಿಗಳು, ಬರೀ ಹೆಸರು-ಪಾಸ್‌ವರ್ಡ್ ಕೊಟ್ಟು ಒಳಬರುತ್ತಿದ್ದ ಹಳೇ ಸಾಫ್ಟ್‌ವೇರ್‌ಗಳಿಗೆ ಬಾಗಿಲು ಹಾಕತೊಡಗಿದವು. ಗೂಗಲ್ ಮೇ ಕೊನೆಯಲ್ಲಿ, ಮೈಕ್ರೋಸಾಫ್ಟ್ ಅಕ್ಟೋಬರ್‌ನಿಂದ. ಮೊದಲೇ ಹೇಳಿದ್ದರು, ಓದಿರದಿದ್ದವನು ನಾನು. ಆ ವರ್ಷ ಎರಡು ದಿನ ಪರದಾಡಿದ್ದೆ. ಅದೇ ಭೂತ ಮತ್ತೆ ಬಂತೇನೋ ಅಂದುಕೊಂಡು ಈ ಸಲ ಸಾಫ್ಟ್‌ವೇರ್ ಬಿಟ್ಟು ನಾನೇ ಹೋಗಿ ಬಾಗಿಲು ತಟ್ಟಿದೆ.

ಮೇಲ್‌ಬಾಕ್ಸ್ ಓದುವ ಭಾಷೆಗೆ ಐಮ್ಯಾಪ್ ಅನ್ನುತ್ತಾರೆ. 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ಅನ್ನುವವರು ಮಾಡಿದ್ದು. ಇದರ ಚೆಂದ ಏನೆಂದರೆ, ಕೈಯಲ್ಲೇ ಟೈಪ್ ಮಾಡಿ ಸರ್ವರ್ ಜೊತೆ ಮಾತಾಡಬಹುದು. ಟರ್ಮಿನಲ್, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿ ತೆಗೆದು, ಐಮ್ಯಾಪ್‌ನ ಬಾಗಿಲಾದ 993ನೇ ಪೋರ್ಟಿಗೆ ಕನೆಕ್ಟ್ ಮಾಡಿದೆ. ಇಲ್ಲಿ ಪ್ರತಿ ಮಾತಿನ ಮುಂದೆ ನಾವೊಂದು ಗುರುತು ಹಾಕಬೇಕು. ಎ1 ಅಂತ ಕೇಳಿದರೆ ಅದು ಎ1 ಅಂತಲೇ ಉತ್ತರಿಸುತ್ತದೆ, ಬ್ಯಾಂಕಿನ ಟೋಕನ್ ಇದ್ದ ಹಾಗೆ. ಎ1 ಲಾಗಿನ್ ಅಂತ ಬರೆದು, 2022ರ ಪರದಾಟದ ನಂತರ ಸಾಫ್ಟ್‌ವೇರ್‌ಗೆಂದೇ ಬೇರೆ ಮಾಡಿಸಿಕೊಂಡಿದ್ದ ಪಾಸ್‌ವರ್ಡ್ ಕೊಟ್ಟೆ. ಪಾಸ್‌ವರ್ಡ್ ಪರದೆ ಮೇಲೆ ಬಟಾಬಯಲಾಗಿ ಕಾಣುತ್ತದೆ. ಕಾಫಿ ಲೋಟ ತೆಗೆದುಕೊಂಡು ಹೋಗಲು ಬಂದ ಹುಡುಗನಿಗೆ ಅಡ್ಡ ಕೂತೆ. ಎ1 ಓಕೆ ಅಂದಿತು. ಎ2 ಸೆಲೆಕ್ಟ್ ಇನ್‌ಬಾಕ್ಸ್ ಅಂದೆ. ತಕ್ಷಣ ಒಂದು ಸಾಲು: 47 ಎಕ್ಸಿಸ್ಟ್ಸ್. ಅಂದರೆ ಒಳಗೆ 47 ಮೇಲ್ ಇವೆ.

ನಲವತ್ತೇಳು. ನಮ್ಮ ಸಾಫ್ಟ್‌ವೇರ್ ಟಿಕೆಟ್ ಮಾಡಿದ ಮೇಲ್ ಅನ್ನು ಬೇರೆ ಫೋಲ್ಡರಿಗೆ ಹಾಕಿಬಿಡುತ್ತದೆ. ಇನ್‌ಬಾಕ್ಸ್ ಯಾವಾಗಲೂ ಖಾಲಿ ಇರಬೇಕು.

ಪಾಸ್‌ವರ್ಡ್ ಸರಿ ಇದೆ, ಬಾಗಿಲು ತೆರೆದಿದೆ. ಉಳಿದದ್ದು ಹೋಗಿ ತರುವ ಆಳು. ಅವನ ಹೆಸರು ಕ್ರಾನ್, ಲಿನಕ್ಸ್‌ನಲ್ಲಿ ಹೊತ್ತು ಹೊತ್ತಿಗೆ ಕೆಲಸ ಶುರು ಮಾಡಿಸುವ ವ್ಯವಸ್ಥೆ. ಅವನ ಕೆಲಸದ ದಾಖಲೆ, ಅಂದರೆ ಲಾಗ್ ನೋಡಿದರೆ ಅವನು ಒಂದು ದಿನವೂ ರಜೆ ಹಾಕಿಲ್ಲ. 5 ನಿಮಿಷಕ್ಕೊಮ್ಮೆ ಶುರು ಆಗಿದ್ದಾನೆ. ಆದರೆ "ಮುಗಿಯಿತು" ಅನ್ನುವ ಸಾಲು ಎಲ್ಲೂ ಇಲ್ಲ. ಶುರು, ಶುರು, ಶುರು. ರಾತ್ರಿಯಿಡೀ ನೂರ ಅರವತ್ತು ಸಲ ಹೋಗಿ ನೂರ ಅರವತ್ತು ಸಲವೂ ದಾರಿಯಲ್ಲೇ ಬಿದ್ದಿದ್ದಾನೆ. ನಮ್ಮ ಟಿಕೆಟ್ ಸಾಫ್ಟ್‌ವೇರ್ ಬರೆದಿರುವುದು ಪಿಎಚ್‌ಪಿ ಭಾಷೆಯಲ್ಲಿ. ಪಿಎಚ್‌ಪಿಯ ತಪ್ಪುಗಳ ಲಾಗ್ ಬೇರೆ ಫೈಲಿನಲ್ಲಿತ್ತು. ಅದರ ತುಂಬ ಒಂದೇ ಸಾಲು: ಕೊಟ್ಟಿದ್ದ 134217728 ಬೈಟ್ ಮೆಮೊರಿ ಮುಗಿಯಿತು. ಉದ್ದದ ನಂಬರ್ ನೋಡಿ ಹೆದರಬೇಕಿಲ್ಲ, ಅದು 128 ಎಂಬಿ. ಪಿಎಚ್‌ಪಿ ಒಂದು ಕೆಲಸಕ್ಕೆ ರೂಢಿಯಲ್ಲಿ ಬಿಟ್ಟುಕೊಡುವುದೇ ಅಷ್ಟು.

ಅಷ್ಟೊಂದು ತಿನ್ನುವಂಥದ್ದು ಯಾವುದು ಅಂತ ಇನ್‌ಬಾಕ್ಸಿನ ತಳಕ್ಕೆ ಹೋದೆ. ಮೊದಲನೇ ಮೇಲ್, 7:44. ಮೂಡಿಗೆರೆ ಕಡೆಯ ತೋಟ. ಬೆಂಗಳೂರಿನಿಂದ ಬಂದಿದ್ದ ಸಾಹುಕಾರರ ಮಗ ಹೊಸ ಫೋನಿನಲ್ಲಿ ಪಲ್ಪರಿನ ಫೋಟೋ ತೆಗೆದು ಕಳಿಸಿದ್ದಾನೆ. ಆರು ಫೋಟೋ. ಆರೂ ಸೇರಿ 24 ಎಂಬಿ.

ಇಪ್ಪತ್ನಾಲ್ಕು ಎಲ್ಲಿ, ನೂರಿಪ್ಪತ್ತೆಂಟು ಎಲ್ಲಿ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಮೇಲ್ ಅನ್ನುವುದು ಮೂಲದಲ್ಲಿ ಅಕ್ಷರ ಸಾಗಿಸಲು ಮಾಡಿದ ಗಾಡಿ. ಫೋಟೋ ಹೋಗಬೇಕಾದರೆ ಅದನ್ನು ಬೇಸ್64 ಅನ್ನುವ ರೀತಿಯಲ್ಲಿ ಅಕ್ಷರಗಳಾಗಿ ಬರೆಯಬೇಕು. 3 ಬೈಟಿನ ಜಾಗದಲ್ಲಿ 4 ಅಕ್ಷರ. ಮೂರನೇ ಒಂದು ಭಾಗ ಊದಿಕೊಳ್ಳುತ್ತದೆ. 24 ಹೋಗಿ 32 ಆಯಿತು. ನಮ್ಮ ಸಾಫ್ಟ್‌ವೇರ್ ಮೇಲನ್ನು ಇಡಿಯಾಗಿ ಮೆಮೊರಿಗೆ ತರುತ್ತದೆ, ಬಿಡಿಸಿ ಇನ್ನೊಂದು ಪ್ರತಿ ಮಾಡುತ್ತದೆ, ಡೇಟಾಬೇಸಿಗೆ ಬರೆಯಲು ಮತ್ತೊಂದು. ಹೀಗೆ ಪ್ರತಿಯ ಮೇಲೆ ಪ್ರತಿ ಬಿದ್ದು 128 ತುಂಬುತ್ತದೆ. ತುಂಬಿದ ಕೂಡಲೇ ಪ್ರೋಗ್ರಾಮ್ ಸಾಯುತ್ತದೆ. ಸತ್ತದ್ದರಿಂದ ಆ ಮೇಲ್ ಇದ್ದಲ್ಲೇ ಇರುತ್ತದೆ. 5 ನಿಮಿಷ ಬಿಟ್ಟು ಬಂದರೆ ಮತ್ತೆ ಮೊದಲು ಕೈಗೆ ಸಿಗುವುದು ಅದೇ. ಹಿಂದಿದ್ದ ನಲವತ್ತಾರಕ್ಕೆ ಸರದಿಯೇ ಬರುವುದಿಲ್ಲ.

ಇದನ್ನು ಬರೆದವರು ಒಂದು ಮೇಲ್ ಮೂರು ಸಲ ಕೈಕೊಟ್ಟರೆ ಬದಿಗಿಟ್ಟು ಮುಂದೆ ಹೋಗು ಅಂತ ಒಂದು ಮಾತು ಹಾಕಿದ್ದರೆ ಸಾಕಿತ್ತು. ಇರಲಿ, ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡು ಇಷ್ಟು ವರ್ಷ ದುಡಿಸಿಕೊಂಡಿದ್ದೇವೆ, ಜಾಸ್ತಿ ಬೈಯುವ ಹಕ್ಕು ನನಗಿಲ್ಲ.

ಆ ಒಂದು ಮೇಲನ್ನು ಎಳೆದು ಬೇರೆ ಫೋಲ್ಡರಿಗೆ ಹಾಕಿದರೆ ಮುಗಿಯಿತು. ಬೆರಳು ಮೌಸಿನ ಮೇಲಿತ್ತು. ಆಗ ಒಂದು ಹಳೇ ಕಥೆ ನೆನಪಾಯಿತು. ಹಿಂದೊಮ್ಮೆ ಒಬ್ಬ ಮ್ಯಾನೇಜರ್ "ರಜೆಯಲ್ಲಿದ್ದೇನೆ" ಅನ್ನುವ ತಾನೇ ಹೋಗುವ ಉತ್ತರ ಇಟ್ಟು ಊರಿಗೆ ಹೋಗಿದ್ದರು. ನಮ್ಮ ಸಿಸ್ಟಮ್ "ನಿಮ್ಮ ದೂರು ತಲುಪಿದೆ" ಅಂದಿತು. ಅವರದು "ರಜೆಯಲ್ಲಿದ್ದೇನೆ" ಅಂದಿತು. ಬೆಳಗಾಗುವವರೆಗೆ ಇಬ್ಬರೂ ಬಿಟ್ಟುಕೊಡಲಿಲ್ಲ. ಇದು ಯಂತ್ರ ಕಳಿಸಿದ್ದು, ಉತ್ತರ ಕೊಡಬೇಡ ಅಂತ ಮೇಲ್‌ನ ತಲೆಬರಹದಲ್ಲಿ ಬರೆಯಲು ಆಟೋ-ಸಬ್ಮಿಟೆಡ್ ಅನ್ನುವ ಸಾಲಿದೆ. 2004ರಲ್ಲೇ ನಿಯಮ ಬಂದಿದೆ. ಪಾಲಿಸುವವರು ಪಾಲಿಸುತ್ತಾರೆ, ಅಷ್ಟೇ. ಹಾಗಾಗಿ ನಲವತ್ತಾರು ಮೇಲ್‌ಗೂ ಒಟ್ಟಿಗೆ ಉತ್ತರ ಹೋಗದಂತೆ ಮೊದಲು ನಮ್ಮ ಕಡೆಯ ಉತ್ತರ ಬಂದ್ ಮಾಡಿದೆ. ಆಮೇಲೆ ಆ ಮೇಲನ್ನು ಪಕ್ಕಕ್ಕೆ ಎಳೆದೆ.

ಮುಂದಿನ 5 ನಿಮಿಷಕ್ಕೆ ಕಟ್ಟೆ ಒಡೆದ ಹಾಗೆ ನಲವತ್ತಾರು ಟಿಕೆಟ್ ಬಂದು ಬಿದ್ದವು. ಕೂತು ಬೇರೆ ಮಾಡಿದೆ. ನಂಬರ್ ಬಾರದ್ದರಿಂದ ಒಬ್ಬೊಬ್ಬರು ಮೂರು ಮೂರು ಸಲ ಕಳಿಸಿದ್ದರು, ಪ್ರತಿ ಸಲ ಸ್ವಲ್ಪ ಖಾರ ಜಾಸ್ತಿ. ಮೊದಲನೆಯದರಲ್ಲಿ "ದಯವಿಟ್ಟು", ಮೂರನೆಯದರಲ್ಲಿ ಬರೀ ಫೋನ್ ನಂಬರ್. ಜಾಹೀರಾತು, ನನ್ನದೇ ಪರೀಕ್ಷೆ, ಎಲ್ಲ ತೆಗೆದರೆ ನಿಜವಾದ ದೂರು ಹದಿನಾಲ್ಕು. ಒಬ್ಬೊಬ್ಬರಿಗೂ ಫೋನ್ ಮಾಡಿ ತಪ್ಪಾಯ್ತು ಅಂದೆ. ಪಿಎಚ್‌ಪಿಗೆ ಮೆಮೊರಿ 256 ಮಾಡಿದೆ, ಮೇಲ್‌ಬಾಕ್ಸಿನಲ್ಲಿ 15 ಎಂಬಿ ದಾಟಿದ ಮೇಲ್ ಬೇರೆ ಫೋಲ್ಡರಿಗೆ ಹೋಗುವಂತೆ ರೂಲ್ ಹಾಕಿದೆ. ಇದಕ್ಕೆ ಹತ್ತು ನಿಮಿಷ ಹಿಡಿಯಿತು. ಫೋನಿಗೆ ಎರಡು ಗಂಟೆ.

ಮೂಡಿಗೆರೆಯ ಆ ಆರು ಫೋಟೋ ನೋಡಿದ್ದು ಎಲ್ಲ ಮುಗಿದ ಮೇಲೆ. ಐದರಲ್ಲಿ ಬರೀ ಮಬ್ಬು. ಆರನೆಯದರಲ್ಲಿ ಪಲ್ಪರಿನ ತಾಮ್ರದ ತಗಡು ನಜ್ಜಾಗಿ, ಹಣ್ಣಿನ ಜೊತೆ ಬಂದ ಕಲ್ಲೊಂದು ಕಚ್ಚಿಕೊಂಡು ಕೂತಿತ್ತು. ಅದೊಂದೇ ಫೋಟೋ ಕಳಿಸಿದ್ದರೆ ಸಾಕಿತ್ತು.

ಆಲ್ದೂರಿನಿಂದ ಅಣ್ಣ ಬಂದಾಗ ಸಂಜೆಯಾಗಿತ್ತು. ಪಲ್ಪರ್ ಮಧ್ಯಾಹ್ನವೇ ಓಡಿತಂತೆ. ಆದರೆ ರಾತ್ರಿಯ ಹಣ್ಣನ್ನು ರೈಟರ್ ಅಷ್ಟರಲ್ಲಿ ಕಣಕ್ಕೆ ಹಾಕಿಸಿದ್ದರು. ಸಿಪ್ಪೆ ಬಿಡಿಸಿ ಒಣಗಿಸುವ ಪಾರ್ಚ್‌ಮೆಂಟ್ ಆಗಬೇಕಿದ್ದದ್ದು, ಹಣ್ಣನ್ನು ಇಡಿಯಾಗಿ ಒಣಗಿಸುವ ಚೆರ್ರಿ ಆಯಿತು. ರೇಟಿನ ವ್ಯತ್ಯಾಸ ಎಷ್ಟು ಅಂತ ನಾನು ಕೇಳಲಿಲ್ಲ. ಅಣ್ಣನೂ ಹೇಳಲಿಲ್ಲ. ಎರಡು ದಿನ ಬಿಟ್ಟು ರೈಟರ್ ಫೋನ್ ಮಾಡಿದಾಗ ಫೋಟೋದ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ನಿಮ್ ಪಲ್ಪರ್‌ಗೂ ಕಲ್ಲು ಸಿಕ್ಕಿತ್ತು ಅನ್ನಿ" ಅಂದರು.

ಈಗ ಬೇರೊಂದು ಮೇಲ್‌ಬಾಕ್ಸಿನಿಂದ ಅರ್ಧ ಗಂಟೆಗೊಮ್ಮೆ ತಾನಾಗೇ ಒಂದು ಮೇಲ್ ಬರುವಂತೆ ಮಾಡಿದ್ದೇನೆ. ವಿಷಯದ ಜಾಗದಲ್ಲಿ ಒಂದೇ ಪದ: "ಇದ್ದೀಯಾ?" ಹತ್ತು ನಿಮಿಷದಲ್ಲಿ ಅದಕ್ಕೆ ಟಿಕೆಟ್ ಆಗದಿದ್ದರೆ ನನ್ನ ಫೋನಿಗೆ ಮೆಸೇಜ್ ಬರುತ್ತದೆ. ಆದರೆ ಆ ಟಿಕೆಟ್ ತಾನೇ ಮುಚ್ಚಿಹೋಗಲಿ ಅಂತ ಹಾಕಿದ್ದ ಸಾಲು ಮೊದಲ ದಿನ ಕೆಲಸ ಮಾಡಲಿಲ್ಲ. ಮಾರನೇ ದಿನ ಪಟ್ಟಿ ತೆಗೆದರೆ, ರಾತ್ರಿ ಪಾಳಿಯಲ್ಲಿದ್ದ ಅಣ್ಣ ಎರಡೂವರೆ ಗಂಟೆಯ ಟಿಕೆಟ್‌ಗೆ ಉತ್ತರ ಬರೆದಿದ್ದ: "ಇದೀನಿ ಸಾರ್. ಯಾವ ತೋಟ?"